ಪಿಸಿಯೋ ಕನ್ಸೋಲೋ: ದುಡ್ಡು ಕೊಡುವ ಮೊದಲು ಹಂತ ಹಂತವಾಗಿ ನಿರ್ಧರಿಸುವ ಸಮಗ್ರ ಮಾರ್ಗದರ್ಶಿ

ವಿಡಿಯೊ ಗೇಮ್ ಆಡಲೆಂದು ಪಿಸಿಯನ್ನೋ, ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಕನ್ಸೋಲನ್ನೋ ಕೊಂಡು ಆರು ತಿಂಗಳಲ್ಲಿ ಕೈಕೈ ಹಿಸುಕಿಕೊಳ್ಳುವವರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಮೊದಲು ಪೆಟ್ಟಿಗೆಯನ್ನು ಆರಿಸುತ್ತಾರೆ. ಆಟ, ಪರದೆ, ಕರೆಂಟ್, ಇಂಟರ್ನೆಟ್ ಎಲ್ಲ ಅದನ್ನು ಮನೆಗೆ ತಂದ ಮೇಲೆ ನೆನಪಾಗುತ್ತವೆ. ಪ್ಲೇಸ್ಟೇಷನ್ ತಂದವರಿಗೆ ಗೆಳೆಯರೆಲ್ಲ ಆಡುವ ಕೌಂಟರ್-ಸ್ಟ್ರೈಕ್ 2 ಅದರಲ್ಲಿ ಇಲ್ಲವೆಂದು ಆಮೇಲೆ ತಿಳಿಯುತ್ತದೆ. ಲಕ್ಷ ರೂಪಾಯಿ ಹಾಕಿ ಪಿಸಿ ಕಟ್ಟಿಸಿದವರಿಗೆ ಕರೆಂಟ್ ಹೋದ ಕ್ಷಣವೇ ಅದು ಆಫ್ ಆಗುತ್ತದೆಂದು ಮೊದಲ ಮಳೆಗೆ ಗೊತ್ತಾಗುತ್ತದೆ.

ಯಾವುದು ಹೆಚ್ಚು ಶಕ್ತಿಶಾಲಿ ಎಂಬುದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದುಮುಂದು ಮಾಡಬೇಡಿ. ಮೊದಲ ನಾಲ್ಕು ಹಂತ ಮುಗಿಯುವಷ್ಟರಲ್ಲಿ ಹೆಚ್ಚಿನವರಿಗೆ ಉತ್ತರ ತಾನಾಗಿಯೇ ಸಿಕ್ಕಿರುತ್ತದೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು ನೋಟ್‌ಬುಕ್, ಅಳತೆ ಟೇಪು, ಟಿವಿ ಅಥವಾ ಮಾನಿಟರ್‌ನ ಪೂರ್ತಿ ಮಾಡೆಲ್ ನಂಬರು, ಮನೆಯ ಇನ್ವರ್ಟರ್ ಮೇಲಿನ ಲೇಬಲ್ಲಿನ ಫೋಟೊ, ಕಳೆದ ಮೂರು ತಿಂಗಳ ಕರೆಂಟ್ ಬಿಲ್, ಇಂಟರ್ನೆಟ್ ಪ್ಲಾನಿನ ವಿವರ. ಗೊತ್ತಿರುವ ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ಗಂಟೆ ಬಂದು ಹೋಗುವಂತಿದ್ದರೆ ಇನ್ನೂ ಒಳ್ಳೆಯದು.

## ಹಂತ 1: ಹತ್ತು ಆಟಗಳ ಪಟ್ಟಿ ಬರೆಯಿರಿ

ಮುಂದಿನ ಎರಡು ವರ್ಷದಲ್ಲಿ ನೀವು ನಿಜವಾಗಿ ಆಡುವ ಹತ್ತು ಆಟಗಳನ್ನು ಬರೆಯಿರಿ. ಹೆಸರು ಕೇಳಿದ ಆಟಗಳನ್ನಲ್ಲ, ಆಡುವ ಆಟಗಳನ್ನು. ಪ್ರತಿ ಹೆಸರಿನ ಮುಂದೆ ಅದು ಪಿಸಿ, ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಈ ಮೂರರಲ್ಲಿ ಎಲ್ಲೆಲ್ಲಿ ಸಿಗುತ್ತದೆಂದು ಗುರುತು ಹಾಕಿ. ಆಟದ ಅಧಿಕೃತ ಪುಟದಲ್ಲೇ ನೋಡಿ, ವಿಡಿಯೊಗಳ ಮಾತು ನಂಬಬೇಡಿ.

ಕೆಲವು ಆಟಗಳು ಇಲ್ಲೇ ತೀರ್ಪು ಕೊಟ್ಟುಬಿಡುತ್ತವೆ. ಕೌಂಟರ್-ಸ್ಟ್ರೈಕ್ 2 ಮತ್ತು ಡೋಟಾ 2 ಕನ್ಸೋಲ್‌ನಲ್ಲಿ ಇಲ್ಲ. ಗ್ರಾನ್ ಟುರಿಸ್ಮೊ 7 ಮತ್ತು ಆಸ್ಟ್ರೋ ಬಾಟ್ ಪಿಸಿಗೆ ಬಂದಿಲ್ಲ. ವ್ಯಾಲೊರಂಟ್ 2024ರಿಂದ ಕನ್ಸೋಲ್‌ನಲ್ಲೂ ಇದೆ, ಆದರೆ ಕನ್ಸೋಲ್ ಆಟಗಾರರು ಪಿಸಿ ಆಟಗಾರರ ಜೊತೆ ಒಂದೇ ಪಂದ್ಯದಲ್ಲಿ ಆಡಲಾಗದು. ಪಿಸಿಯಲ್ಲಿರುವ ಗೆಳೆಯರಿಗಾಗಿ ಕನ್ಸೋಲ್ ಕೊಂಡರೆ ಅಲ್ಲಿಗೆ ಕೆಲಸ ಕೆಟ್ಟಿತು.

ಇನ್ನು ಕೆಲವು ಆಟಗಳು ಎರಡೂ ಕಡೆ ಬರುತ್ತವೆ, ಬೇರೆ ಬೇರೆ ಕಾಲಕ್ಕೆ. ಗ್ರ್ಯಾಂಡ್ ಥೆಫ್ಟ್ ಆಟೊ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ಗಾಡ್ ಆಫ್ ವಾರ್ ರಾಗ್ನರಾಕ್ 2022ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂದರೆ ಪಿಸಿಗೆ ಬರಲು 2024ರ ಸೆಪ್ಟೆಂಬರ್ ಆಯಿತು. ಬಿಡುಗಡೆಯ ದಿನವೇ ಆಡಬೇಕು ಎನ್ನುವವರು ಈ ಅಂತರವನ್ನು ಪಟ್ಟಿಯಲ್ಲಿ ಬರೆದುಕೊಳ್ಳಲೇಬೇಕು.

ಎಕ್ಸ್‌ಬಾಕ್ಸ್ ಬಗ್ಗೆ ಒಂದು ಮಾತು. ಮೈಕ್ರೊಸಾಫ್ಟ್‌ನ ಸ್ವಂತ ಆಟಗಳು ಪಿಸಿಗೂ ಅದೇ ದಿನ ಬರುತ್ತವೆ, ಫೋರ್ಜಾ ಹೊರೈಜನ್ 5 ಅಂತೂ 2025ರಲ್ಲಿ ಪ್ಲೇಸ್ಟೇಷನ್ 5ಕ್ಕೂ ಬಂತು. ಮನೆಯಲ್ಲಿ ಒಳ್ಳೆಯ ಪಿಸಿ ಇದ್ದವರಿಗೆ ಎಕ್ಸ್‌ಬಾಕ್ಸ್ ಕೊಳ್ಳುವ ಕಾರಣ ಉಳಿದಿಲ್ಲ ಎಂದೇ ಹೇಳಬೇಕು.

ಮಾಡ್ (ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿ ಆಡುವ ಆಸೆ ಇದ್ದರೆ ಅದನ್ನೂ ಬರೆಯಿರಿ. ಯೂರೊ ಟ್ರಕ್ ಸಿಮ್ಯುಲೇಟರ್ 2ರಲ್ಲಿ ನಮ್ಮೂರ ಬಸ್ಸು ಓಡಿಸುವ ಸುಖ ಸಿಗುವುದು ಪಿಸಿಯಲ್ಲಿ.

ಇಲ್ಲಿ ಆಗುವ ತಪ್ಪು: ಪಟ್ಟಿಯ ಒಂಬತ್ತು ಆಟ ಎರಡೂ ಕಡೆ ಸಿಕ್ಕರೆ ಹತ್ತನೆಯದನ್ನು ಮರೆತುಬಿಡುವುದು. ವಾರಕ್ಕೆ ಇಪ್ಪತ್ತು ಗಂಟೆ ಆಡುವುದು ಆ ಹತ್ತನೆಯದನ್ನೇ ಆಗಿದ್ದರೆ ಅದೊಂದೇ ಲೆಕ್ಕಕ್ಕೆ ಬರುತ್ತದೆ.

## ಹಂತ 2: ಯಾರು ಆಡುತ್ತಾರೆ, ಎಲ್ಲಿ ಕೂತು ಆಡುತ್ತಾರೆ

ಅಣ್ಣತಮ್ಮಂದಿರು ಸೋಫಾದಲ್ಲಿ ಕೂತು ಕ್ರಿಕೆಟ್ 24 ಅಥವಾ ಫುಟ್‌ಬಾಲ್ ಆಡುವ ಮನೆಯಾದರೆ ಕನ್ಸೋಲ್‌ನಷ್ಟು ಸುಲಭ ಬೇರೆ ಇಲ್ಲ. ಎರಡನೆಯ ಕಂಟ್ರೋಲರ್ ಬೆಲೆಯನ್ನು ಮಾತ್ರ ಈಗಲೇ ಬರೆದಿಟ್ಟುಕೊಳ್ಳಿ, ಪೆಟ್ಟಿಗೆಯಲ್ಲಿ ಬರುವುದು ಒಂದೇ.

ಅದೇ ಯಂತ್ರದಲ್ಲಿ ಕಾಲೇಜಿನ ಪ್ರಾಜೆಕ್ಟ್, ವಿಡಿಯೊ ಎಡಿಟಿಂಗ್, ಕೋಡಿಂಗ್ ಆಗಬೇಕೆಂದರೆ ಪಿಸಿಯೇ ಬೇಕು. ಆದರೆ ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಹೇಗೂ ಇದೆ, ಬೇರೆ ಕೆಲಸಕ್ಕೆ ಅದು ಸಾಕು ಎನ್ನುವವರು ‘ಪಿಸಿ ಇದ್ದರೆ ಎಲ್ಲಕ್ಕೂ ಆಗುತ್ತದೆ’ ಎಂಬ ವಾದಕ್ಕೆ ಬೀಳಬಾರದು. ಆ ‘ಎಲ್ಲ’ ನಿಮಗೆ ಆಗಲೇ ಇದೆ.

ಮನೆಯಲ್ಲಿ ಇರುವುದು ಒಂದೇ ಟಿವಿ ಎಂದಾದರೆ ರಾತ್ರಿ 7ರಿಂದ 10ರವರೆಗೆ ಅದು ಯಾರ ಕೈಯಲ್ಲಿರುತ್ತದೆ? ಧಾರಾವಾಹಿ ಮತ್ತು ಐಪಿಎಲ್ ಹೊತ್ತಿನಲ್ಲಿ ಕನ್ಸೋಲ್ ಆಡುವಂತಿಲ್ಲದಿದ್ದರೆ ಬೇರೆ ಮಾನಿಟರ್ ಬೇಕಾಗುತ್ತದೆ. ಅದರ ಬೆಲೆಯೂ ಕನ್ಸೋಲ್ ಖರ್ಚಿಗೇ ಸೇರಬೇಕು.

## ಹಂತ 3: ಇರುವ ಪರದೆಯನ್ನು ಪರೀಕ್ಷಿಸಿ

ಟಿವಿಯ ಮಾಡೆಲ್ ನಂಬರಿನಿಂದ ಮೂರು ವಿಷಯ ಹುಡುಕಿ: ರೆಸಲ್ಯೂಷನ್ ಎಷ್ಟು, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದು) 60 ಹರ್ಟ್ಸೋ 120 ಹರ್ಟ್ಸೋ, ಎಚ್‌ಡಿಎಂಐ 2.1 ಪೋರ್ಟ್ ಇದೆಯೋ ಇಲ್ಲವೋ.

32 ಇಂಚಿನ ‘ಎಚ್‌ಡಿ ರೆಡಿ’ ಟಿವಿಗಳಲ್ಲಿ ಬಹುತೇಕ 1366×768 ಪಿಕ್ಸೆಲ್ ಮಾತ್ರ ಇರುತ್ತವೆ. ಅದಕ್ಕೆ ಪ್ಲೇಸ್ಟೇಷನ್ 5 ಜೋಡಿಸಿದರೆ ಕೊಟ್ಟ ಹಣದ ಅರ್ಧ ಸೌಂದರ್ಯ ಕಾಣುವುದೇ ಇಲ್ಲ. 4ಕೆ, 60 ಹರ್ಟ್ಸ್ ಟಿವಿ ಇದ್ದರೆ ಕನ್ಸೋಲ್‌ಗೆ ಸಾಕು. 4ಕೆಯಲ್ಲಿ 120 ಹರ್ಟ್ಸ್ ಬೇಕೆಂದರೆ ಎಚ್‌ಡಿಎಂಐ 2.1 ಬೇಕೇ ಬೇಕು. ಟಿವಿಯಲ್ಲಿ ನಾಲ್ಕು ಪೋರ್ಟ್ ಇದ್ದರೂ ಆ ಸೌಲಭ್ಯ ಒಂದೆರಡಕ್ಕೆ ಮಾತ್ರ ಇರುವುದುಂಟು, ಪೋರ್ಟ್ ಪಕ್ಕದ ಬರಹ ಓದಿ.

ಟಿವಿಯ ಗೇಮ್ ಮೋಡ್ ಆನ್ ಮಾಡದೆ ಆಡಿ ‘ಕನ್ಸೋಲ್ ನಿಧಾನ’ ಎನ್ನುವವರು ಬಹಳ. ಚಿತ್ರ ಚಂದಗಾಣಿಸಲು ಟಿವಿ ಪ್ರತಿ ಚಿತ್ರವನ್ನೂ ಸ್ವಲ್ಪ ಹೊತ್ತು ಹಿಡಿದಿಟ್ಟು ಸಂಸ್ಕರಿಸುತ್ತದೆ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡ್ ಹತ್ತಿರ ಅಂತರ ಬೀಳುವುದು ಇದರಿಂದಲೇ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್, ಅಂದರೆ ನೀವು ಆರು ಫ್ರೇಮ್ ಹಿಂದೆ ಆಡುತ್ತಿದ್ದೀರಿ. ಗೇಮ್ ಮೋಡ್ ಈ ಸಂಸ್ಕರಣೆಯನ್ನು ಬಹುಪಾಲು ನಿಲ್ಲಿಸುತ್ತದೆ.

ಪಿಸಿಯ ಕಡೆ ಯೋಚಿಸುತ್ತಿದ್ದು ಮಾನಿಟರ್ ಇಲ್ಲದಿದ್ದರೆ 24 ಇಂಚು, 1080ಪಿ, 144 ಹರ್ಟ್ಸ್ ಅಥವಾ ಹೆಚ್ಚು, ಐಪಿಎಸ್ ಪ್ಯಾನಲ್ ಎಂಬುದನ್ನು ಕನಿಷ್ಠ ಎಂದಿಟ್ಟುಕೊಳ್ಳಿ. 27 ಇಂಚಿಗೆ ಹೋದರೆ 1440ಪಿ ಇರಲಿ. 27 ಇಂಚಿನಲ್ಲಿ 1080ಪಿ ಇದ್ದರೆ ಮೇಜಿನ ದೂರದಲ್ಲಿ ಅಕ್ಷರ ಒಡೆದು ಕಾಣುತ್ತದೆ.

## ಹಂತ 4: ಕರೆಂಟ್, ಅರ್ಥಿಂಗ್, ಇನ್ವರ್ಟರ್

ಹೆಚ್ಚಿನ ಹೋಲಿಕೆಗಳು ಈ ಹಂತವನ್ನು ಮುಟ್ಟುವುದೇ ಇಲ್ಲ. ನಮ್ಮ ಮನೆಗಳಲ್ಲಿ ಹೆಚ್ಚು ಯಂತ್ರ ಕೆಡುವುದು ಇಲ್ಲೇ.

ಮೊದಲು ಯಾವ ಯಂತ್ರ ಎಷ್ಟು ಎಳೆಯುತ್ತದೆಂದು ನೋಡೋಣ. ಆಟ ನಡೆಯುವಾಗ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಬಳಸುತ್ತದೆ. ಎಕ್ಸ್‌ಬಾಕ್ಸ್‌ನ ಚಿಕ್ಕ ಮಾದರಿಯಾದ ಸೀರೀಸ್ ಎಸ್ ಅದರ ಅರ್ಧಕ್ಕಿಂತ ಕಡಿಮೆ. ಪಿಸಿಯಲ್ಲಿ ಆಟದ ಚಿತ್ರ ರಚಿಸುವ ಗ್ರಾಫಿಕ್ಸ್ ಕಾರ್ಡ್ ಒಂದೇ ಜಿಫೋರ್ಸ್ ಆರ್‌ಟಿಎಕ್ಸ್ 4060 ಆದರೆ 115 ವ್ಯಾಟ್, 4070 ಆದರೆ 200 ವ್ಯಾಟ್ ತನಕ ಹೋಗುತ್ತದೆ. ಪ್ರೊಸೆಸರ್, ಫ್ಯಾನ್, ಮಾನಿಟರ್ ಸೇರಿದರೆ ಮಧ್ಯಮ ಪಿಸಿಗೆ 250ರಿಂದ 400 ವ್ಯಾಟ್ ಎಂದು ಲೆಕ್ಕ ಹಿಡಿಯಿರಿ.

ಬಿಲ್ಲಿನ ಚಿಂತೆ ಇದ್ದರೆ ಲೆಕ್ಕ ಸುಲಭ. ಟಿವಿ ಸೇರಿ 300 ವ್ಯಾಟ್, ದಿನಕ್ಕೆ 2 ಗಂಟೆ, 30 ದಿನ: 18 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 108 ರೂಪಾಯಿ. ಇದು ಪಿಸಿಯೋ ಕನ್ಸೋಲೋ ಎಂದು ನಿರ್ಧರಿಸುವಷ್ಟು ದೊಡ್ಡ ಮೊತ್ತವಲ್ಲ. ಒಂದೇ ಒಂದು ಎಚ್ಚರ: ಗೃಹಜ್ಯೋತಿ ಫಲಾನುಭವಿ ಮನೆಯಾಗಿದ್ದು ತಿಂಗಳ ಬಳಕೆ 185, 190ರ ಹತ್ತಿರ ಇದ್ದರೆ ಈ 18 ಯೂನಿಟ್ ನಿಮ್ಮನ್ನು 200ರ ಗೆರೆ ದಾಟಿಸುತ್ತದೆ. ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಹಳೆಯ ಬಿಲ್‌ಗಳನ್ನು ತೆಗೆದಿಡಲು ಹೇಳಿದ್ದು ಇದಕ್ಕೇ.

ಇನ್ನು ಇನ್ವರ್ಟರ್. ನಮ್ಮ ಕಡೆ ಮನೆಯ ಇನ್ವರ್ಟರ್‌ಗೂ ಯುಪಿಎಸ್ ಎಂದೇ ಹೆಸರು, ಗೊಂದಲ ಹುಟ್ಟುವುದೇ ಅಲ್ಲಿ. ಲೇಬಲ್ಲಿನಲ್ಲಿ ಎರಡು ವಿಷಯ ಹುಡುಕಿ. ಒಂದು, ಅದು ಸೈನ್ ವೇವೋ ಸ್ಕ್ವೇರ್ ವೇವೋ. ಸ್ಕ್ವೇರ್ ವೇವ್ ಆದರೆ ಫ್ಯಾನು, ದೀಪಕ್ಕೆ ಬಿಡಿ, ಪಿಸಿಯನ್ನಾಗಲಿ ಕನ್ಸೋಲನ್ನಾಗಲಿ ಅದಕ್ಕೆ ಜೋಡಿಸಬೇಡಿ. ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಘಟಕವೇ ಎಸ್‌ಎಂಪಿಎಸ್. ಇಂದಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆಕ್ಟಿವ್ ಪಿಎಫ್‌ಸಿ ಸರ್ಕ್ಯೂಟ್‌ಗೆ ಆ ಚೌಕ ಅಲೆ ಹೊಂದುವುದಿಲ್ಲ. ಪಿಸಿ ತಟ್ಟನೆ ಆಫ್ ಆಗುತ್ತದೆ, ಇಲ್ಲವೇ ಎಸ್‌ಎಂಪಿಎಸ್ ಗುಂಯ್‌ಗುಡುತ್ತದೆ. ಎರಡು, ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್, ನಾರ್ಮಲ್ ಅಥವಾ ಇಕೊ ಮೋಡ್ ಎಂಬ ಸ್ವಿಚ್ ಇದೆಯೇ ಎಂದು. ಯುಪಿಎಸ್ ಮೋಡ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಸಾಕು, ಇನ್ನೊಂದು ಮೋಡ್‌ನಲ್ಲಿ 40 ತನಕ ಹಿಡಿಯಬಹುದು. ಆ 40ರಲ್ಲಿ ಪಿಸಿ ರೀಸ್ಟಾರ್ಟ್ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ಚನ್ನು ತಿರುಗಿಸಿದರೆ ಮುಗಿಯುವ ತೊಂದರೆಗೆ ಹೊಸ ಎಸ್‌ಎಂಪಿಎಸ್ ಕೊಂಡಿರುತ್ತಾರೆ.

ಪಿಸಿಗೆ ಪ್ರತ್ಯೇಕ ಯುಪಿಎಸ್ ಕೊಳ್ಳುವಾಗ ವಿಎ (ವೋಲ್ಟ್-ಆಂಪಿಯರ್) ನೋಡಿ ಮೋಸ ಹೋಗಬೇಡಿ, ವ್ಯಾಟ್ ನೋಡಿ. 600 ವಿಎ ಯುಪಿಎಸ್‌ಗಳು ಬಹುತೇಕ 360 ವ್ಯಾಟ್‌ನವು, 4070 ಹಾಕಿದ ಪಿಸಿ ಆಟದ ಮಧ್ಯೆ ಅದನ್ನು ಮೀರಿದರೆ ಯುಪಿಎಸ್ ಕೀರಲು ಕೂಗಿ ಆಫ್ ಆಗುತ್ತದೆ. 1000 ವಿಎ, 600 ವ್ಯಾಟ್‌ನದ್ದು ಮಧ್ಯಮ ಪಿಸಿಗೆ ಸರಿ. ಅದು ಕೊಡುವುದು ಕೆಲವೇ ನಿಮಿಷ, ಆಟ ಸೇವ್ ಮಾಡಿ ಶಟ್‌ಡೌನ್ ಮಾಡಲು. ಸ್ಕ್ವೇರ್ ವೇವ್ ಇನ್ವರ್ಟರ್ ಲೈನಿಗೆ ಈ ಯುಪಿಎಸ್ ಜೋಡಿಸಿದರೆ ಅದು ಕರೆಂಟ್ ಇಲ್ಲವೆಂದೇ ಭಾವಿಸಿ ಬ್ಯಾಟರಿಗೆ ಹಾರುತ್ತಿರುತ್ತದೆ.

ಅರ್ಥಿಂಗ್ ಪಿಸಿಗೆ ಇನ್ನೂ ಮುಖ್ಯ. ಪ್ಲೇಸ್ಟೇಷನ್ 5ರ ವೈರು ಎರಡೇ ಪಿನ್ನಿನದು, ಪಿಸಿಯದು ಮೂರು ಪಿನ್ನಿನದು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಲೋಹ ಮುಟ್ಟಿದಾಗ ಬೆರಳು ಜುಂ ಎಂದರೆ ಆ ಸಾಕೆಟ್‌ಗೆ ಅರ್ಥಿಂಗ್ ಸರಿಯಾಗಿಲ್ಲ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡಿದರೆ ಮೂರು ವೋಲ್ಟ್‌ಗಿಂತ ಕಡಿಮೆ ಬರಬೇಕು. ಹತ್ತು, ಇಪ್ಪತ್ತು ತೋರಿಸಿದರೆ ಪಿಸಿ ಕೊಳ್ಳುವ ಮಾತು ಅದು ಸರಿಯಾದ ಮೇಲೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರಷ್ಟೇ ಸಾಲದು. ಡಿಶ್ ಅಥವಾ ಕೇಬಲ್ ವೈರಿನಿಂದ ಬಂದ ಹೊಡೆತ ಸೆಟ್‌ಟಾಪ್ ಬಾಕ್ಸ್, ಟಿವಿ ದಾಟಿ ಎಚ್‌ಡಿಎಂಐ ಮೂಲಕ ಕನ್ಸೋಲ್‌ನ ಪೋರ್ಟನ್ನು ಸುಡುತ್ತದೆ. ಮಲೆನಾಡು, ಕರಾವಳಿಯವರು ಎಚ್‌ಡಿಎಂಐ ಮತ್ತು ಲ್ಯಾನ್ ಕೇಬಲ್‌ಗಳನ್ನೂ ತೆಗೆದಿಡಬೇಕು. ಸ್ಪೈಕ್ ಗಾರ್ಡ್ ಇದೆಯೆಂದು ಬಿಡಬಾರದು.

## ಹಂತ 5: ಇಂಟರ್ನೆಟ್ ಮತ್ತು ಜಾಗದ ಲೆಕ್ಕ

ದೊಡ್ಡ ಆಟಗಳು 100 ಜಿಬಿ ಮೀರುವುದು ಈಗ ಸಾಮಾನ್ಯ. ರೆಡ್ ಡೆಡ್ ರಿಡೆಂಪ್ಷನ್ 2, ಬಾಲ್ಡರ್ಸ್ ಗೇಟ್ 3 ಎರಡೂ ಪಿಸಿಯಲ್ಲಿ 150 ಜಿಬಿ ಕೇಳುತ್ತವೆ. 40 ಎಂಬಿಪಿಎಸ್ ಸಂಪರ್ಕದಲ್ಲಿ 100 ಜಿಬಿ ಇಳಿಯಲು ಸುಮಾರು ಐದೂವರೆ ಗಂಟೆ, 100 ಎಂಬಿಪಿಎಸ್‌ನಲ್ಲಿ ಎರಡೂಕಾಲು ಗಂಟೆ. ಪ್ಲಾನಿನಲ್ಲಿ ಬರೆದಿರುವುದು ಬಿಟ್, ಆಟದ ಗಾತ್ರ ಬೈಟ್. ಎಂಟರಿಂದ ಭಾಗಿಸುವುದನ್ನು ಮರೆತವರೇ ‘ಇಂಟರ್ನೆಟ್ ಮೋಸ’ ಎನ್ನುವುದು.

ಫೈಬರ್ ಇಲ್ಲದ ಊರಿನಲ್ಲಿ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನಂಬಿ ಪಿಸಿ ಕೊಂಡರೆ ಆಡಲು ಏನೂ ಇರುವುದಿಲ್ಲ, ಪಿಸಿ ಆಟಗಳು ಈಗ ಡಿಸ್ಕಿನಲ್ಲಿ ಬರುವುದೇ ಇಲ್ಲ ಎನ್ನಬಹುದು. ಅಂಥವರಿಗೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಒಂದೇ ಗಟ್ಟಿ ದಾರಿ. ಡಿಸ್ಕಿನಿಂದ ಆಟ ಇನ್‌ಸ್ಟಾಲ್ ಆಗುತ್ತದೆ, ತಿದ್ದುಪಡಿಗಳನ್ನು ಒಳ್ಳೆಯ ಇಂಟರ್ನೆಟ್ ಸಿಕ್ಕಾಗ ಇಳಿಸಿಕೊಳ್ಳಬಹುದು. ಪ್ಲೇಸ್ಟೇಷನ್ 5ರ ತೆಳುವಾದ ಸ್ಲಿಮ್ ಮಾದರಿಗೆ ಡ್ರೈವನ್ನು ಬೇರೆಯಾಗಿ ಕೊಂಡು ಸಿಕ್ಕಿಸಿದರೆ ಮೊದಲ ಸಲ ಇಂಟರ್ನೆಟ್ ಬೇಕೇ ಬೇಕು ಎಂಬುದು ನೆನಪಿರಲಿ.

ಜಾಗದ ವಿಷಯ. ಹಳೆಯ ಪ್ಲೇಸ್ಟೇಷನ್ 5ರ 825 ಜಿಬಿಯಲ್ಲಿ ಆಟಕ್ಕೆ ಸಿಗುವುದು ಸುಮಾರು 667 ಜಿಬಿ. 512 ಜಿಬಿಯ ಸೀರೀಸ್ ಎಸ್‌ನಲ್ಲಿ ಬರೀ 364. ಅಷ್ಟಕ್ಕೆ ಎರಡು ಮೂರು ದೊಡ್ಡ ಆಟ ತುಂಬಿ ಹೋಗುತ್ತದೆ. ಪ್ಲೇಸ್ಟೇಷನ್‌ಗೆ ಸಾಮಾನ್ಯ ಎಂ.2 ಎಸ್‌ಎಸ್‌ಡಿ (ಚಿಕ್ಕ ಪಟ್ಟಿಯಂಥ ವೇಗದ ಸ್ಟೋರೇಜ್) ಹಾಕಬಹುದು: ಜೆನ್ 4 ಎನ್‌ವಿಎಂಇ, ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚಿನ ಓದುವ ವೇಗ, ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಪಟ್ಟಿ) ಸೇರಿ ಒಟ್ಟು ದಪ್ಪ 11.25 ಮಿಮೀ ಒಳಗೆ. ಎಕ್ಸ್‌ಬಾಕ್ಸ್‌ಗೆ ಅದರದೇ ಎಕ್ಸ್‌ಪ್ಯಾನ್ಷನ್ ಕಾರ್ಡ್ ಬೇಕು, ಬೆಲೆ ಹೆಚ್ಚು. ಯುಎಸ್‌ಬಿ ಹಾರ್ಡ್‌ಡಿಸ್ಕ್ ಹಾಕಿ ಪ್ಲೇಸ್ಟೇಷನ್ 5ರ ಆಟ ಆಡಲಾಗದು. ಅಲ್ಲಿ ಇಟ್ಟುಕೊಳ್ಳಬಹುದು, ಆಡಲು ಒಳಕ್ಕೆ ತಂದುಕೊಳ್ಳಬೇಕು.

## ಹಂತ 6: ಐದು ವರ್ಷದ ಖರ್ಚು ಬರೆಯಿರಿ

ಪೆಟ್ಟಿಗೆಯ ಬೆಲೆಗೆ ಪೆಟ್ಟಿಗೆಯ ಬೆಲೆ ಹೋಲಿಸಿದರೆ ಕನ್ಸೋಲ್ ಯಾವಾಗಲೂ ಗೆಲ್ಲುತ್ತದೆ. ಅದೇ ಬೆಲೆಗೆ ಅದರ ಸಮಕ್ಕೆ ನಿಲ್ಲುವ ಹೊಸ ಪಿಸಿ ಕಟ್ಟುವುದು ಬಹಳ ಕಷ್ಟ. ಆದ್ದರಿಂದ ಎರಡು ಕಂಬಸಾಲು ಬರೆಯಿರಿ.

ಕನ್ಸೋಲ್ ಸಾಲಿನಲ್ಲಿ ಪೆಟ್ಟಿಗೆ, ಎರಡನೆಯ ಕಂಟ್ರೋಲರ್, ಹೆಚ್ಚುವರಿ ಎಸ್‌ಎಸ್‌ಡಿ, ಆನ್‌ಲೈನ್ ಸದಸ್ಯತ್ವದ ಇಂದಿನ ವಾರ್ಷಿಕ ಬೆಲೆಯ ಐದು ಪಟ್ಟು, ಆಟಗಳು. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಸದಸ್ಯತ್ವ ಬೇಡ, ಹಣ ಕೊಟ್ಟು ಕೊಂಡ ಆಟವನ್ನು ಆನ್‌ಲೈನ್ ಆಡಲು ಬೇಕು. ಪಿಸಿ ಸಾಲಿನಲ್ಲಿ ಪೆಟ್ಟಿಗೆ, ಮಾನಿಟರ್, ಕೀಬೋರ್ಡ್, ಮೌಸ್, ಅಸಲಿ ವಿಂಡೋಸ್, ಯುಪಿಎಸ್, ನಡುವೆ ಒಮ್ಮೆ ಗ್ರಾಫಿಕ್ಸ್ ಕಾರ್ಡ್ ಬದಲಾವಣೆ, ಆಟಗಳು. ಆನ್‌ಲೈನ್ ಆಡಲು ಶುಲ್ಕವಿಲ್ಲ.

ಲೆಕ್ಕ ತಿರುಗುವುದು ಆಟಗಳ ಸಾಲಿನಲ್ಲಿ. ಹೊಸ ದೊಡ್ಡ ಆಟ 4,999 ರೂಪಾಯಿ ಎನ್ನಿ. ವರ್ಷಕ್ಕೆ ನಾಲ್ಕು ಕೊಂಡರೆ ಐದು ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ, ಕನ್ಸೋಲ್‌ನ ಬೆಲೆಗಿಂತ ಹೆಚ್ಚು. ಅದೇ ಆಟಗಳನ್ನು ಪಿಸಿಯಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಸೇಲ್‌ಗಾಗಿ ಒಂದೆರಡು ವರ್ಷ ಕಾದು ತಲಾ 1,500ಕ್ಕೆ ಕೊಂಡರೆ 30,000. ಡಿಸ್ಕ್ ಕೊಂಡು, ಮುಗಿಸಿ, ತಿಂಗಳೊಳಗೆ 3,000ಕ್ಕೆ ಮಾರಿದರೆ ಒಂದಕ್ಕೆ 2,000 ಬಿದ್ದಂತೆ, ಐದು ವರ್ಷಕ್ಕೆ 40,000. ಕಾಯುವ ತಾಳ್ಮೆ ಇದ್ದವರಿಗೆ ಪಿಸಿ, ಕೊಂಡು ಮಾರುವ ಶಿಸ್ತು ಇದ್ದವರಿಗೆ ಡಿಸ್ಕ್ ಕನ್ಸೋಲ್ ಲಾಭ. ಎರಡೂ ಇಲ್ಲದೆ, ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಕನ್ಸೋಲ್‌ನಲ್ಲಿ ಪೂರ್ತಿ ಬೆಲೆಗೆ ಕೊಳ್ಳುವುದು ಎಲ್ಲಕ್ಕಿಂತ ದುಬಾರಿ ದಾರಿ. ಭಾರತದಲ್ಲಿ 2021ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಡಿಸ್ಕ್ ಮಾದರಿಗೂ ಡಿಜಿಟಲ್‌ಗೂ ಇದ್ದ ಅಂತರ 10,000 ರೂಪಾಯಿ. ಮೇಲಿನ ಲೆಕ್ಕದಂತೆ ನಾಲ್ಕನೆಯ ಡಿಸ್ಕ್ ಮಾರುವಷ್ಟರಲ್ಲಿ ಅದು ವಾಪಸು ಬಂದಿರುತ್ತದೆ.

ಇಷ್ಟವಾಗದ ಆಟವನ್ನು ಹಿಂದಿರುಗಿಸುವ ವಿಷಯದಲ್ಲೂ ವ್ಯತ್ಯಾಸವಿದೆ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ಆ ಅವಕಾಶ ಮುಗಿಯಿತು.

## ಹಂತ 7: ನಿರ್ಧಾರ

ಈಗ ನೋಟ್‌ಬುಕ್ ತಿರುವಿ. ಮುಖ್ಯ ಆಟ ಒಂದೇ ಕಡೆ ಸಿಗುವುದಾದರೆ ಅಲ್ಲಿಗೆ ಚರ್ಚೆ ಮುಗಿಯಿತು, ಉಳಿದ ಹಂತಗಳೆಲ್ಲ ಆ ಯಂತ್ರಕ್ಕೆ ಮನೆ ಸಿದ್ಧಮಾಡುವ ಕೆಲಸ. ಇಲ್ಲವೆಂದರೆ: ಒಳ್ಳೆಯ ಟಿವಿ ಇದೆ, ಕೆಲಸಕ್ಕೆ ಲ್ಯಾಪ್‌ಟಾಪ್ ಇದೆ, ರಿಪೇರಿ ಗೊಡವೆ ಬೇಡ ಎನ್ನುವವರಿಗೆ ಡಿಸ್ಕ್ ಇರುವ ಕನ್ಸೋಲ್. ಕಂಪ್ಯೂಟರ್ ಹೇಗೂ ಬೇಕು, ಅರ್ಥಿಂಗ್ ಸರಿಯಿದೆ, ಸೇಲ್‌ಗೆ ಕಾಯಬಲ್ಲೆ ಎನ್ನುವವರಿಗೆ ಪಿಸಿ. ಪಿಸಿಗೆ ಇರುವ ಹಣ ಮಾನಿಟರ್ ಸೇರಿ ಕನ್ಸೋಲ್‌ನ ಬೆಲೆಯಷ್ಟೇ ಆದರೆ ಅರೆಬರೆ ಪಿಸಿ ಕಟ್ಟಬೇಡಿ. ಇನ್ನಷ್ಟು ದಿನ ಕೂಡಿಡಿ, ಇಲ್ಲವೇ ಕನ್ಸೋಲ್ ಕೊಳ್ಳಿ.

ಹಾಸ್ಟೆಲ್, ಪಿಜಿಯಲ್ಲಿ ಇರುವವರಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬಿಟ್ಟರೆ ದಾರಿ ಕಡಿಮೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದು: ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್ ಬಿಟ್ಟಿದ್ದಾರೆ? ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟನ್ನು ಬೇಕಾದರೂ ನಿಗದಿ ಮಾಡಬಹುದು. ಹೆಸರು ಒಂದೇ, ಓಟ ಬೇರೆ.

## ಹಂತ 8: ಪಿಸಿ ಎಂದಾದರೆ

ಬಜೆಟ್ಟನ್ನು ಗ್ರಾಫಿಕ್ಸ್ ಕಾರ್ಡಿನಿಂದ ಶುರುಮಾಡಿ. ಮಾನಿಟರ್ ಬಿಟ್ಟು ಉಳಿದ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದಕ್ಕೇ ಹೋಗಲಿ. ಒಂದೇ ಹೆಸರಿನ ಕಾರ್ಡ್ ಎರಡು ಮೆಮೊರಿಯಲ್ಲಿ ಬರುತ್ತದೆ. ರೇಡಿಯನ್ ಆರ್‌ಎಕ್ಸ್ 9060 ಎಕ್ಸ್‌ಟಿ, ಜಿಫೋರ್ಸ್ ಆರ್‌ಟಿಎಕ್ಸ್ 5060 ಟಿಐ ಎರಡಕ್ಕೂ 8 ಜಿಬಿ, 16 ಜಿಬಿ ರೂಪಗಳಿವೆ. ಐದು ವರ್ಷ ಇಟ್ಟುಕೊಳ್ಳುವವರು 16ರದ್ದನ್ನೇ ಕೊಳ್ಳಿ.

ಜೊತೆಗೆ ರೈಜೆನ್ 5 7600 ಮಟ್ಟದ ಪ್ರೊಸೆಸರ್, ಬಿ650 ಮದರ್‌ಬೋರ್ಡ್, ಜೋಡಿಯಾಗಿ ಬರುವ ಡಿಡಿಆರ್5 ರ‍್ಯಾಮ್, 1 ಟಿಬಿ ಎನ್‌ವಿಎಂಇ, ಹೆಸರುವಾಸಿ ಕಂಪನಿಯ 650 ವ್ಯಾಟ್ ಎಸ್‌ಎಂಪಿಎಸ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಹಳೆಯ ಬಜೆಟ್ ಪಟ್ಟಿಗಳನ್ನು ನಂಬಬೇಡಿ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವುದಾದರೆ ಮೂರು ಅಂಗಡಿಯಲ್ಲಿ ಬಿಡಿಭಾಗವಾರು ಕೊಟೇಷನ್ ಬರೆಸಿಕೊಳ್ಳಿ. ‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಎಂದಷ್ಟೇ ಬರೆದ ಚೀಟಿ ಏನನ್ನೂ ಹೇಳುವುದಿಲ್ಲ, ಹತ್ತು ವರ್ಷ ಹಳೆಯ ಐ7 ಕೂಡ ಐ7. ಪ್ರತಿ ಭಾಗದ ಪೂರ್ತಿ ಮಾಡೆಲ್, ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರು ಇರಬೇಕು. ಎಸ್‌ಎಂಪಿಎಸ್‌ನ ಹೆಸರು ಬರೆಯದೆ ‘600 ವ್ಯಾಟ್’ ಎಂದು ಬಿಟ್ಟಿದ್ದರೆ ಅಲ್ಲೇ ಎಚ್ಚರಗೊಳ್ಳಿ, ಲಾಭ ಹೊಡೆಯುವ ಜಾಗ ಅದು.

ಜೋಡಿಸುವ ಕ್ರಮ: ಕ್ಯಾಬಿನೆಟ್‌ನ ಹೊರಗೆ ಮದರ್‌ಬೋರ್ಡಿಗೆ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್. ಆಮೇಲೆ ಕ್ಯಾಬಿನೆಟ್‌ಗೆ ಎಸ್‌ಎಂಪಿಎಸ್, ಮದರ್‌ಬೋರ್ಡ್, 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್ ವೈರು. ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೆಯದರಲ್ಲಿ ಹಾಕಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರೋ ನೋಡಿ. ಬೇರೆ ಎಸ್‌ಎಂಪಿಎಸ್‌ನ ವೈರನ್ನು, ಪಿನ್ ಹೊಂದಿದರೂ, ಇದಕ್ಕೆ ಸಿಕ್ಕಿಸಬೇಡಿ. ಒಳಗಿನ ಕ್ರಮ ಬೇರೆ ಇದ್ದು ಎಸ್‌ಎಸ್‌ಡಿ, ಮದರ್‌ಬೋರ್ಡ್ ಸುಟ್ಟುಹೋಗುತ್ತವೆ.

ಡಿಡಿಆರ್5 ಪಿಸಿ ಮೊದಲ ಸಲ ಆನ್ ಮಾಡಿದಾಗ ರ‍್ಯಾಮನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಸತ್ತಿದೆಯೆಂದು ಸ್ವಿಚ್ ಆರಿಸುತ್ತ ಕೂರಬೇಡಿ, ಹದಿನೈದು ನಿಮಿಷ ಬಿಡಿ.

ಆನ್ ಆದ ಮೇಲೆ ನಾಲ್ಕು ಪರೀಕ್ಷೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದೆಯೇ, ಮದರ್‌ಬೋರ್ಡಿಗಲ್ಲವಷ್ಟೆ? ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ ಆನ್ ಆಗಿದೆಯೇ? ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಆರಿಸಿದ್ದೀರಾ? ಎಷ್ಟೋ ಸಲ ಅದು ತಾನಾಗಿ 60ರಲ್ಲೇ ನಿಂತಿರುತ್ತದೆ. ಅದೇ ಬಯಾಸ್‌ನಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆಗಳು ಆನ್ ಇವೆಯೇ? ಇಲ್ಲದಿದ್ದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ತೆರೆಯುವುದಿಲ್ಲ. ಅಂಗಡಿಯವರು ‘ಕ್ರ್ಯಾಕ್’ ಹಾಕಿ ವಿಂಡೋಸ್ ಕೊಟ್ಟಿದ್ದರೆ ಮನೆಗೆ ಬಂದು ಹೊಸದಾಗಿ ಇನ್‌ಸ್ಟಾಲ್ ಮಾಡಿ. ಆಟದ ಖಾತೆಗಳು ಕಳುವಾಗುವ ದೊಡ್ಡ ದಾರಿ ಅದು.

## ಹಂತ 9: ಕನ್ಸೋಲ್ ಎಂದಾದರೆ

ಅಮೆರಿಕದಲ್ಲೋ ದುಬೈಯಲ್ಲೋ ಇರುವ ನೆಂಟರಿಂದ ತರಿಸುವವರು ಮೂರು ವಿಷಯ ತಿಳಿದಿರಲಿ. ವಾರಂಟಿ ಕೊಂಡ ದೇಶದ್ದು. ಪ್ಲೇಸ್ಟೇಷನ್ 5ರ ಡಿಸ್ಕ್ ಯಾವ ದೇಶದ್ದಾದರೂ ಓಡುತ್ತದೆ, ಆದರೆ ಹೆಚ್ಚುವರಿ ಕಂಟೆಂಟ್ ಆ ದೇಶದ ಖಾತೆಗೆ ಮಾತ್ರ ಹೊಂದುತ್ತದೆ. ಮತ್ತು ಖಾತೆ ತೆರೆಯುವಾಗ ಆರಿಸಿದ ದೇಶವನ್ನು ಆಮೇಲೆ ಬದಲಿಸಲಾಗದು. ಇಲ್ಲಿ ಆಡುವವರು ಭಾರತ ಎಂದೇ ಆರಿಸಿ, ಇಲ್ಲದಿದ್ದರೆ ರೂಪಾಯಿಯ ಗಿಫ್ಟ್ ಕಾರ್ಡ್ ಕೆಲಸಕ್ಕೆ ಬಾರದು. ನಿಂಟೆಂಡೊ ಇಲ್ಲಿ ಅಧಿಕೃತವಾಗಿ ಮಾರಾಟವನ್ನೇ ಮಾಡುವುದಿಲ್ಲ, ಕೆಟ್ಟರೆ ಖಾಸಗಿ ರಿಪೇರಿಯೇ ಗತಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾರುವವರ ಮನೆಯಲ್ಲೇ ಒಂದು ಗಂಟೆ ಕೂತು ನೋಡಿ. ನಿಮ್ಮ ಖಾತೆಯಿಂದ ಆನ್‌ಲೈನ್ ಸೈನ್ ಇನ್ ಮಾಡಿ, ಕಂಪನಿ ಆನ್‌ಲೈನ್‌ನಿಂದ ನಿಷೇಧಿಸಿದ ಯಂತ್ರವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಡಿಸ್ಕ್ ಹಾಕಿ ಇನ್‌ಸ್ಟಾಲ್ ಶುರುಮಾಡಿ. ಎಚ್‌ಡಿಎಂಐ ಕೇಬಲ್ಲನ್ನು ಮೆಲ್ಲಗೆ ಅಲುಗಾಡಿಸಿದಾಗ ಚಿತ್ರ ಹೋಗಬಾರದು. ಕಂಟ್ರೋಲರ್ ಮುಟ್ಟದೆ ಇಟ್ಟಾಗ ಆಟದ ಪಾತ್ರ ತಾನಾಗಿ ಸರಿದರೆ ಸ್ಟಿಕ್ ಹೋಗಿದೆ, ಹೊಸ ಕಂಟ್ರೋಲರ್‌ನ ಬೆಲೆ ಕಡಿಮೆ ಮಾಡಿಸಿ. ಕೊನೆಗೆ ಫ್ಯಾಕ್ಟರಿ ರೀಸೆಟ್ ನಿಮ್ಮ ಕಣ್ಣೆದುರೇ ಆಗಲಿ.

ಇಡುವ ಜಾಗ ಅಳೆಯಿರಿ. ಗಾಜಿನ ಬಾಗಿಲ ಶೋಕೇಸ್ ಬೇಡ, ಸುತ್ತ 10 ಸೆಂಮೀ ಗಾಳಿ ಆಡಲಿ. ಬೆಚ್ಚಗಿನ ಮೂಲೆಗೆ ಜಿರಳೆ ಸೇರುತ್ತದೆ, ಅಡುಗೆಮನೆಗೆ ಅಂಟಿದ ಹಾಲ್ ಆದರೆ ಇನ್ನೂ ಎಚ್ಚರ.

ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ರೆಸ್ಟ್ ಮೋಡ್ (ಪೂರ್ತಿ ಆಫ್ ಆಗದೆ ನಿದ್ರಿಸುವ ಸ್ಥಿತಿ) ಬಳಸದೆ ಪೂರ್ತಿ ಆಫ್ ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ಪ್ಲೇಸ್ಟೇಷನ್ 5 ತಡವರಿಸಿದರೆ ಆಫ್ ಮಾಡಿ, ಪವರ್ ಗುಂಡಿಯನ್ನು ಎರಡನೆಯ ಬೀಪ್ ಕೇಳುವವರೆಗೆ, ಸುಮಾರು 7 ಸೆಕೆಂಡ್, ಒತ್ತಿ ಹಿಡಿದು ಸೇಫ್ ಮೋಡ್‌ಗೆ ಹೋಗಿ. ಕಂಟ್ರೋಲರನ್ನು ಕೇಬಲ್‌ನಲ್ಲಿ ಜೋಡಿಸಿ ರೀಬಿಲ್ಡ್ ಡೇಟಾಬೇಸ್ ಆರಿಸಿ. ಆಟಗಳು ಅಳಿಯುವುದಿಲ್ಲ. ಅದೇ ಪಟ್ಟಿಯಲ್ಲಿರುವ ರೀಸೆಟ್ ಆಯ್ಕೆಗಳನ್ನು ಮಾತ್ರ ಮುಟ್ಟಬೇಡಿ.

## ಮೊದಲ ತಿಂಗಳು ಕಣ್ಣಿಡಬೇಕಾದ ಲಕ್ಷಣಗಳು

ಭಾರಿ ಆಟದ ಮಧ್ಯೆ ಪಿಸಿ ಯಾವ ಸಂದೇಶವೂ ಇಲ್ಲದೆ ಆಫ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಮೇಲೆ. ವಿಂಡೋಸ್‌ನ ದೋಷದ ಪರದೆ (ಹಳೆಯದರಲ್ಲಿ ನೀಲಿ, ಹೊಸದರಲ್ಲಿ ಕಪ್ಪು) ಬಂದರೆ ಎಕ್ಸ್‌ಪೊ ತೆಗೆದು ಒಂದು ದಿನ ಆಡಿ ನೋಡಿ, ನಿಂತರೆ ತೊಂದರೆ ರ‍್ಯಾಮಿನದ್ದು. ಅರ್ಧ ಗಂಟೆಯ ಮೇಲಷ್ಟೇ ಆಟ ತೊಡರಿದರೆ ಬಿಸಿಯ ಲಕ್ಷಣ, ಕೂಲರ್ ಮತ್ತು ಧೂಳು ನೋಡಿ. ಆನ್‌ಲೈನ್‌ನಲ್ಲಿ ಮಾತ್ರ ತೊಡರಿದರೆ ಯಂತ್ರವನ್ನು ಬಿಟ್ಟು ವೈಫೈಯನ್ನು ಅನುಮಾನಿಸಿ, ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆದು ನೋಡಿ. ಕನ್ಸೋಲ್ ಫ್ಯಾನ್ ಜೋರಾಗಿ ಕೂಗಿ ಬಿಸಿಯ ಎಚ್ಚರಿಕೆ ಪರದೆಯ ಮೇಲೆ ಬಂದರೆ ಅಂದೇ ಜಾಗ ಬದಲಿಸಿ. ಜಾಗ ಬದಲಿಸಿದ ಮೇಲೂ ಬಂದರೆ ಪೆಟ್ಟಿಗೆ ಬಿಚ್ಚಲು ಹೋಗದೆ ವಾರಂಟಿ ಇರುವಾಗಲೇ, ಬಿಲ್ಲಿನ ಸಮೇತ, ಸರ್ವೀಸ್ ಸೆಂಟರ್‌ಗೆ ಕೊಡಿ.